ಮಾರ್ಚ್ 31ರ ರೊಕ್ಕ

ಮಾರ್ಚ್ ತಿಂಗಳ ಕೊನೆಯ ದಿನ. ನಮ್ಮ ತಂಗಡಗಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಕಟ್ಟೆಯ ಕಲ್ಲು ಕಾಯಿಸಿತ್ತು. ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬನಿಯನ್ನಿನ ಒಳಕಿಸೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತ ಹೊರಟು ನಿಂತಿದ್ದ. ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. "ದೂರ ಏನು ಕಾಕಾ?" ಎಂದೆ.

"ಸೊಸಾಯಿಟಿಗಿ. ಬೆಳೆಸಾಲ ಕಟ್ಟಬೇಕು."

"ತೊಗರಿ ರೊಕ್ಕ ಬಂತೇನು?"

"ಅದು ಯಾವಾಗೋ ಬಂದು ಹೋತು. ಇದು ಕೈಗಡ. ಇವತ್ತ ಕಟ್ಟೂದು, ನಾಕ ದಿನ ಬಿಟ್ಟು ಹೊಸಾದು ಎತ್ತೂದು, ಒಯ್ದು ಅವರ ಕೈಯಾಗ ಹಾಕೂದು."

"ಹಂಗಾದ್ರ ಸಾಲ ತೀರಲೇ ಇಲ್ಲಲ್ಲ?"

"ಸಾಲ ಯಾಕ ತೀರ್ತೈತಿ ತಮ್ಮಾ? ಬುಕ್ಕಿನ್ಯಾಗ ತೀರ್ತೈತಿ."

ಕಾಕಾ ಹೋದ. ನಾನು ಪಡಸಾಲೆಯಲ್ಲಿ ತೆರೆದಿಟ್ಟಿದ್ದ ಲ್ಯಾಪ್‌ಟಾಪಿನ ಮುಂದೆ ಹಾಗೇ ಕುಳಿತೆ. ಪರದೆಯ ಮೇಲೆ ನ್ಯೂಯಾರ್ಕಿನ ದಿವಾಳಿ ನ್ಯಾಯಾಲಯಕ್ಕೆ ಸಲ್ಲಿಕೆಯಾದ ಒಂದು ವರದಿಯಿತ್ತು: ಒಂಬತ್ತು ಸಂಪುಟ, ಸುಮಾರು 2,200 ಪುಟ. ಅದರ ಮೂರನೆಯ ಸಂಪುಟದಲ್ಲಿ ಎರಡು ವಾರದಿಂದ ಸಿಕ್ಕಿಹಾಕಿಕೊಂಡಿದ್ದೆ. ಅಮೆರಿಕದ ನಾಲ್ಕನೆಯ ಅತಿ ದೊಡ್ಡ ಹೂಡಿಕೆ ಬ್ಯಾಂಕು ಮುಳುಗುವ ಮುನ್ನ ತನ್ನ ಬಂಡವಾಳ ಗಟ್ಟಿಯಿದೆ ಎಂದು ಹೇಗೆ ತೋರಿಸಿತು ಎಂಬ ಲೆಕ್ಕವದು. ವಕೀಲರ ಭಾಷೆ, ಆಡಿಟರುಗಳ ಭಾಷೆ, ಅಡಿಟಿಪ್ಪಣಿಯ ಕೆಳಗೆ ಅಡಿಟಿಪ್ಪಣಿ. ಎರಡು ವಾರದಲ್ಲಿ ನನಗೆ ಹತ್ತದ್ದನ್ನು ಕಾಕಾ ಬಾಗಿಲಲ್ಲಿ ನಿಂತು ಹೇಳಿ ಹೋಗಿದ್ದ.

ನನ್ನ ಹುಡುಕಾಟ ಶುರುವಾದದ್ದು ಎರಡು ತಾರೀಕುಗಳಿಂದ. 2008ರ ಸೆಪ್ಟೆಂಬರ್ 10ರ ಬೆಳಿಗ್ಗೆ ಲೆಹ್ಮನ್ ಬ್ರದರ್ಸ್ ಬ್ಯಾಂಕಿನ ಮುಖ್ಯಸ್ಥ ರಿಚರ್ಡ್ ಫುಲ್ಡ್ ಮತ್ತು ಹಣಕಾಸು ಮುಖ್ಯಸ್ಥ ಇಯಾನ್ ಲೋವಿಟ್ ಹೂಡಿಕೆದಾರರೊಂದಿಗೆ ಫೋನಿನಲ್ಲಿ ಮಾತಾಡಿದರು. ಮೂರು ತಿಂಗಳಲ್ಲಿ 390 ಕೋಟಿ ಡಾಲರ್ ನಷ್ಟವಾಗಿದೆ ಎಂದು ಒಪ್ಪಿಕೊಂಡರು. ಹಾಗಾದರೆ ಇನ್ನಷ್ಟು ಬಂಡವಾಳ ಎತ್ತಬೇಕಲ್ಲವೇ ಎಂದು ಒಬ್ಬ ವಿಶ್ಲೇಷಕರು ಕೇಳಿದಾಗ, ಸದ್ಯಕ್ಕೆ ಅಗತ್ಯವಿಲ್ಲ, ನಮ್ಮ ಬಂಡವಾಳದ ಸ್ಥಿತಿ ಗಟ್ಟಿಯಾಗಿದೆ ಎಂಬರ್ಥದ ಉತ್ತರ ಲೋವಿಟ್ ಅವರಿಂದ ಬಂತು. ಸೆಪ್ಟೆಂಬರ್ 15ರ ನಸುಕಿನಲ್ಲಿ ಅದೇ ಬ್ಯಾಂಕು ದಿವಾಳಿ ಅರ್ಜಿ ಹಾಕಿತು. ಆಸ್ತಿ 63,900 ಕೋಟಿ ಡಾಲರ್, ಸಾಲ 61,300 ಕೋಟಿ ಡಾಲರ್. ಅಮೆರಿಕದ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ದಿವಾಳಿ ಮತ್ತೊಂದಿಲ್ಲ.

ನಡುವೆ ಐದೇ ದಿನ. ಮಾತು ಸುಳ್ಳಾಗಿತ್ತೇ? ಅಥವಾ ಆಡಿದ ದಿನ ನಿಜವಾಗಿದ್ದು, ಐದು ದಿನಗಳಲ್ಲಿ ಸುಳ್ಳಾಯಿತೇ? ಬ್ಯಾಂಕಿನ ವಿಷಯದಲ್ಲಿ ಎರಡನೆಯದೂ ಸಾಧ್ಯ. ಬ್ಯಾಂಕು ನಿಂತಿರುವುದೇ ನಂಬಿಕೆಯ ಮೇಲೆ, ನಂಬಿಕೆ ಹೋದರೆ ಗಟ್ಟಿ ಬ್ಯಾಂಕೂ ಉರುಳುತ್ತದೆ. ಆದ್ದರಿಂದ ಮಾತನ್ನು ಅದರ ಪರಿಣಾಮದಿಂದ ಅಳೆಯುವಂತಿಲ್ಲ. ಆಡಿದ ದಿನ ಆಡಿದವರ ಮೇಜಿನ ಮೇಲೆ ಯಾವ ಕಾಗದ ಇತ್ತು ಎಂಬುದನ್ನು ಹುಡುಕಬೇಕು.

ಮೊದಲು ಕೈಗೆ ಬಂದದ್ದು ಬ್ಯಾಂಕೇ ಪ್ರಕಟಿಸಿದ ಲೆಕ್ಕಪತ್ರಗಳು. ಲೆಹ್ಮನ್ನಿನ ಹಣಕಾಸು ವರ್ಷ ಮುಗಿಯುತ್ತಿದ್ದದ್ದು ನವೆಂಬರ್ 30ಕ್ಕೆ. ಹಾಗಾಗಿ ನನಗೆ ಬೇಕಾದ ದಿನಗಳು ಮೂರು: 2007ರ ನವೆಂಬರ್ 30, 2008ರ ಫೆಬ್ರವರಿ 29, 2008ರ ಮೇ 31. ಈ ಮೂರು ದಿನ ಬ್ಯಾಂಕಿನ ಒಳಗಿನ ಚಿತ್ರ ಹೇಗಿತ್ತೋ ಅದೇ ಲೋಕಕ್ಕೆ ಕಂಡ ಚಿತ್ರ.

ಆ ಚಿತ್ರದಲ್ಲಿ ಎಲ್ಲರೂ ಮೊದಲು ನೋಡುತ್ತಿದ್ದದ್ದು ಒಂದು ಅನುಪಾತವನ್ನು. ಸ್ವಂತದ ಒಂದು ಡಾಲರ್ ಬಂಡವಾಳದ ಮೇಲೆ ಎಷ್ಟು ಡಾಲರಿನ ಆಸ್ತಿ ಹೊತ್ತು ನಿಂತಿದ್ದೀರಿ ಎಂಬ ಲೆಕ್ಕ ಅದು. ಹೊರೆ ದೊಡ್ಡದಾದಷ್ಟೂ ಬೀಳುವ ಭಯ ಜಾಸ್ತಿ. ನವೆಂಬರಿನಲ್ಲಿ ಲೆಹ್ಮನ್ ಇದನ್ನು 16.1 ಎಂದು ತೋರಿಸಿತು, ಫೆಬ್ರವರಿಯಲ್ಲಿ 15.4, ಮೇ ಕೊನೆಗೆ 12.1. ಆರು ತಿಂಗಳಲ್ಲಿ ಹೊರೆ ಕಾಲುಭಾಗ ಇಳಿದಿದೆ. ಮಾರ್ಚಿನಲ್ಲಿ ಬೇರ್ ಸ್ಟರ್ನ್ಸ್ ಎಂಬ ಇನ್ನೊಂದು ಹೂಡಿಕೆ ಬ್ಯಾಂಕು ಕುಸಿದು ಜೆಪಿ ಮೋರ್ಗನ್ ಪಾಲಾಗಿತ್ತು. ಮುಂದಿನ ಸರದಿ ಲೆಹ್ಮನ್ನಿನದೇ ಎಂದು ಪೇಟೆ ಪಿಸುಗುಡುತ್ತಿದ್ದಾಗ ಈ ಇಳಿಯುವ ಅಂಕಿಯೇ ಬ್ಯಾಂಕಿನ ಉತ್ತರವಾಯಿತು. ಆಗಿನ ಹಣಕಾಸು ಮುಖ್ಯಸ್ಥೆ ಎರಿನ್ ಕ್ಯಾಲನ್ ಹೂಡಿಕೆದಾರರ ಜೊತೆಗಿನ ಮಾತುಕತೆಗಳಲ್ಲಿ ಹೊರೆ ಇಳಿಸಿದ್ದನ್ನೂ ಲೆಕ್ಕದ ಪಾರದರ್ಶಕತೆಯನ್ನೂ ಒತ್ತಿ ಹೇಳಿದರು. ಜೂನ್‌ನಲ್ಲಿ 280 ಕೋಟಿ ಡಾಲರ್ ನಷ್ಟ ಘೋಷಿಸಿದಾಗಲೂ ಅದರ ಜೊತೆಗೇ 600 ಕೋಟಿ ಡಾಲರ್ ಹೊಸ ಬಂಡವಾಳ ಎತ್ತುವ ಸುದ್ದಿಯನ್ನು ಬ್ಯಾಂಕು ಕೊಟ್ಟಿತು. ಅದೇ ವಾರ ಕ್ಯಾಲನ್ ಹುದ್ದೆಯಿಂದ ಇಳಿದರು.

ಲೆಕ್ಕಪತ್ರದ ಅಡಿಟಿಪ್ಪಣಿಗಳನ್ನು ನಾನು ಗೆರೆ ಹಾಕುತ್ತ ಓದಿದೆ. ಒತ್ತೆ ಇಟ್ಟು ಹಣ ಪಡೆದು, ಮತ್ತೆ ಹಣ ಕೊಟ್ಟು ಬಿಡಿಸಿಕೊಳ್ಳುವ ವ್ಯವಹಾರಕ್ಕೆ ರೆಪೊ ಎನ್ನುತ್ತಾರೆ. ಅಂಥ ವ್ಯವಹಾರಗಳನ್ನು ನಾವು ಸಾಲ ಎಂದೇ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದು ಬ್ಯಾಂಕು ಬರೆದಿತ್ತು. ತಪ್ಪು ಹಿಡಿಯಲು ಏನೂ ಸಿಗಲಿಲ್ಲ. ಹಳೆಯ ಕಡತ ಓದಿ ಅಭ್ಯಾಸವಾದವರಿಗೆ ಇದು ಗೊತ್ತಿರುವ ಸಂಗತಿ: ಬರೆದದ್ದರಲ್ಲಿ ದೋಷವಿಲ್ಲದ ಕಡತದಲ್ಲಿ ಬರೆಯದೆ ಬಿಟ್ಟದ್ದನ್ನು ಹುಡುಕಬೇಕು. ಬಿಟ್ಟದ್ದು ಏನೆಂದು ಆ ಕಡತವೇ ಹೇಳುವುದಿಲ್ಲ. ಅದಕ್ಕೆ ಇನ್ನೊಂದು ಕಡತ ಬೇಕು.

ಆ ಇನ್ನೊಂದು ಕಡತವೇ ಈ ಒಂಬತ್ತು ಸಂಪುಟ. ದಿವಾಳಿ ನ್ಯಾಯಾಲಯ 2009ರ ಜನವರಿಯಲ್ಲಿ ಆಂಟನ್ ವಾಲುಕಾಸ್ ಎಂಬ ಷಿಕಾಗೋದ ವಕೀಲರನ್ನು ಪರೀಕ್ಷಕರನ್ನಾಗಿ ನೇಮಿಸಿತು. ಅವರ ತಂಡ 250ಕ್ಕೂ ಹೆಚ್ಚು ಜನರನ್ನು ವಿಚಾರಿಸಿತು, ಲಕ್ಷಗಟ್ಟಲೆ ಇ-ಮೇಲ್ ಮತ್ತು ದಾಖಲೆಗಳನ್ನು ಜಾಲಾಡಿತು. ವರದಿ ಸಾರ್ವಜನಿಕರಿಗೆ ಸಿಕ್ಕಿದ್ದು 2010ರ ಮಾರ್ಚ್ 11ರಂದು. ನನ್ನ ಎರಡು ವಾರ ತಿಂದದ್ದು ಅದರ ಒಂದು ಹೆಸರು: ರೆಪೊ 105.

ಕಾಕಾ ಹೋದ ಮೇಲೆ ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಈಗ ಅದು ನೀರು ಕುಡಿದಂತೆ ಇಳಿಯಿತು.

ತ್ರೈಮಾಸಿಕ ಮುಗಿಯಲು ಕೆಲವು ದಿನ ಇರುವಾಗ ಲೆಹ್ಮನ್ 105 ಡಾಲರ್ ಬೆಲೆಯ ಬಾಂಡುಗಳನ್ನು ಕೊಟ್ಟು 100 ಡಾಲರ್ ಹಣ ಪಡೆಯುತ್ತಿತ್ತು. ಏಳರಿಂದ ಹತ್ತು ದಿನಗಳ ನಂತರ ಹಣ ವಾಪಸ್ಸು ಕೊಟ್ಟು ಬಾಂಡು ಬಿಡಿಸಿಕೊಳ್ಳುವ ಕರಾರು. ಯಾರ ಕಣ್ಣಿಗೂ ಇದು ಸಾಲವೇ. ಆದರೆ ಐದು ಡಾಲರಿನ ಹೆಚ್ಚುವರಿ ಒತ್ತೆ ಇದೆ ಎಂಬ ಲೆಕ್ಕನಿಯಮದ ಸಂದಿಯನ್ನು ಹಿಡಿದು ಬ್ಯಾಂಕು ಇದನ್ನು ಮಾರಾಟ ಎಂದು ಬರೆಯಿತು. ಮಾರಿದ ಮೇಲೆ ಬಾಂಡು ಪುಸ್ತಕದಲ್ಲಿ ಇರುವುದಿಲ್ಲ. ಬಂದ ಹಣದಿಂದ ಬೇರೆ ಸಾಲ ತೀರಿಸಿದರೆ ಆ ಸಾಲವೂ ಇರುವುದಿಲ್ಲ. ಎಣಿಕೆಯ ದಿನ ಆಸ್ತಿಯ ಹೊರೆಯೂ ಕಡಿಮೆ, ಸಾಲವೂ ಕಡಿಮೆ. ದಿನ ದಾಟಿದ ಮೇಲೆ ಮತ್ತೆ ಸಾಲ ಎತ್ತಿ, ಹಣ ಕೊಟ್ಟು, ಬಾಂಡು ಮನೆಗೆ. ಇವತ್ತ ಕಟ್ಟೂದು, ನಾಕ ದಿನ ಬಿಟ್ಟು ಎತ್ತೂದು.

ಮೊತ್ತ ಮಾತ್ರ ಕಾಕಾನ ಒಳಕಿಸೆಯದಲ್ಲ. 2007ರ ನವೆಂಬರ್ ಕೊನೆಗೆ 3,860 ಕೋಟಿ ಡಾಲರ್. ಫೆಬ್ರವರಿ ಕೊನೆಗೆ 4,910 ಕೋಟಿ. ಮೇ ಕೊನೆಗೆ 5,038 ಕೋಟಿ. ಬ್ಯಾಂಕಿನ ಕಷ್ಟ ಹೆಚ್ಚಿದಂತೆ ಕೈಗಡವೂ ಹೆಚ್ಚಿದೆ. ಇದನ್ನು ತೆಗೆದು ನೋಡಿದರೆ ಮೇ ಕೊನೆಯ ಅನುಪಾತ 12.1 ಅಲ್ಲ, 13.9. ಫೆಬ್ರವರಿಯದು 15.4 ಅಲ್ಲ, 17.3. ಹೊರೆ ಇಳಿದದ್ದು ನಿಜ. ಆದರೆ ಇಳಿದಷ್ಟನ್ನೇ ತೋರಿಸಲಿಲ್ಲ, ಅದಕ್ಕಿಂತ ಹೆಚ್ಚು ತೋರಿಸಿದರು.

ಇದಕ್ಕೆ ಕಾನೂನಿನ ಒಪ್ಪಿಗೆ ಬೇಕಿತ್ತು. ಇದು ನಿಜವಾದ ಮಾರಾಟ ಎಂದು ಅಭಿಪ್ರಾಯ ಬರೆದುಕೊಡುವ ಅಮೆರಿಕದ ವಕೀಲ ಸಂಸ್ಥೆ ಲೆಹ್ಮನ್ನಿಗೆ ಸಿಗಲಿಲ್ಲ. ಇಂಗ್ಲಿಷ್ ಕಾನೂನಿನಡಿ ಬರೆದುಕೊಟ್ಟದ್ದು ಲಂಡನ್ನಿನ ಲಿಂಕ್‌ಲೇಟರ್ಸ್. ಹಾಗಾಗಿ ನ್ಯೂಯಾರ್ಕಿನ ಬಾಂಡುಗಳು ಮೊದಲು ಲಂಡನ್ನಿನ ಅಂಗಸಂಸ್ಥೆಗೆ ಹೋಗಿ, ಅಲ್ಲಿಂದ ಈ ವ್ಯವಹಾರ ನಡೆಯಬೇಕಾಯಿತು. ಈ ಊರಲ್ಲಿ ಕೊಡದ ದಾಖಲೆಯನ್ನು ಪಕ್ಕದ ತಾಲೂಕಿನಲ್ಲಿ ಮಾಡಿಸಿಕೊಂಡು ಬಂದ ಹಾಗೆ. ಬ್ಯಾಂಕಿನೊಳಗೂ ಇದು ಹಿತವಾಗಿರಲಿಲ್ಲ. ಮುಂದೆ ಬ್ಯಾಂಕಿನ ಎರಡನೆಯ ಸ್ಥಾನಕ್ಕೇರಿದ ಬಾರ್ಟ್ ಮೆಕ್‌ಡೇಡ್ ಏಪ್ರಿಲ್‌ನ ಒಂದು ಇ-ಮೇಲ್‌ನಲ್ಲಿ ಇದನ್ನು ನಮಗೆ ಹತ್ತಿದ ಇನ್ನೊಂದು ನಶೆ ಎಂಬಂತೆ ಬರೆದದ್ದು ವರದಿಯಲ್ಲಿದೆ.

ಇಲ್ಲಿ ನಾನು ಒಂದು ಪತ್ರದ ಬೆನ್ನು ಹತ್ತಿದೆ. 2008ರ ಮೇ 16ರಂದು ಲೆಹ್ಮನ್ನಿನ ಹಣಕಾಸು ವಿಭಾಗದ ಹಿರಿಯ ಅಧಿಕಾರಿ ಮ್ಯಾಥ್ಯೂ ಲೀ ಮೇಲಧಿಕಾರಿಗಳಿಗೆ ಬರೆದ ಪತ್ರ ಅದು. ಲೆಕ್ಕಪತ್ರಗಳಲ್ಲಿ ದೋಷಗಳಿವೆ, ಇವು ಸಂಸ್ಥೆಯ ನೀತಿಸಂಹಿತೆಗೆ ವಿರುದ್ಧ ಎಂದು ಎಚ್ಚರಿಸಿದ ಪತ್ರ. ರೆಪೊ 105ರ ಗುಟ್ಟು ಹೊರಬಿದ್ದದ್ದು ಈ ಪತ್ರದಿಂದ ಎಂದು ಎಲ್ಲೋ ಓದಿ ಅದನ್ನೇ ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಮೂಲ ತೆಗೆದು ನೋಡಿದರೆ ಪತ್ರದಲ್ಲಿ ಆ ಹೆಸರೇ ಇಲ್ಲ! ತಿಂಗಳ ಕೊನೆಯ ದಿನ ಪುಸ್ತಕದಲ್ಲಿರುವ ಮೊತ್ತಗಳಿಗೆ ಸರಿಯಾದ ಆಧಾರವಿಲ್ಲ ಎಂಬಂಥ ದೂರುಗಳಿವೆ. ರೆಪೊ 105ರ ಮಾತು ಬರುವುದು ಜೂನ್ 12ರಂದು, ಬ್ಯಾಂಕಿನ ಆಡಿಟರುಗಳಾದ ಅರ್ನ್‌ಸ್ಟ್ ಅಂಡ್ ಯಂಗ್‌ನವರು ಲೀ ಅವರನ್ನು ಕರೆದು ವಿಚಾರಿಸಿದಾಗ. ತ್ರೈಮಾಸಿಕದ ಕೊನೆಗೆ 5,000 ಕೋಟಿ ಡಾಲರ್ ಹೀಗೆ ಹೊರಗೆ ಹೋಗಿತ್ತು ಎಂದು ಅವರು ಹೇಳಿದ್ದು ಆಡಿಟರುಗಳ ಟಿಪ್ಪಣಿಯಲ್ಲಿ ದಾಖಲಾಗಿದೆ. ಮರುದಿನವೇ ಆಡಿಟರುಗಳು ಬ್ಯಾಂಕಿನ ಆಡಿಟ್ ಸಮಿತಿಯೊಂದಿಗೆ ಮಾತಾಡಿದರು. ಈ ಸಂಗತಿಯನ್ನು ಅವರು ಎತ್ತಲಿಲ್ಲ ಎನ್ನುತ್ತದೆ ವರದಿ. ಲೀ ಅಷ್ಟರಲ್ಲಿ ಕೆಲಸ ಕಳೆದುಕೊಂಡಿದ್ದರು.

ಇದು ಬಂಡವಾಳದ ಮಾತಾಯಿತು. ಸೆಪ್ಟೆಂಬರ್ 10ರ ಇನ್ನೊಂದು ಭರವಸೆ ಕೈಯಲ್ಲಿರುವ ನಗದಿನದು. ತುರ್ತಿಗೆ ಕೂಡಲೇ ಹಣವಾಗುವ ಆಸ್ತಿ 4,200 ಕೋಟಿ ಡಾಲರ್ ಇದೆ ಎಂದು ಬ್ಯಾಂಕು ಅಂದು ಹೇಳಿತು. ವಾಲುಕಾಸ್ ತಂಡ ಆ ಪೆಟ್ಟಿಗೆಯ ಒಳಗನ್ನು ಒಂದೊಂದಾಗಿ ಎಣಿಸಿದೆ. ಅದರಲ್ಲಿ ಜೂನ್‌ನಲ್ಲಿ ಸಿಟಿ ಬ್ಯಾಂಕಿನವರ ಸಮಾಧಾನಕ್ಕೆ ಅವರ ಬಳಿ ಇಟ್ಟ 200 ಕೋಟಿ ಡಾಲರ್ ಠೇವಣಿಯೂ ಇತ್ತು. ದಿನನಿತ್ಯದ ವ್ಯವಹಾರ ನಡೆಸಿಕೊಡುವ ಬ್ಯಾಂಕುಗಳಿಗೆ ಭದ್ರತೆಯಾಗಿ ಕೊಟ್ಟ ಆಸ್ತಿಗಳೂ ಇದ್ದವು. ಮಗಳ ಮದುವೆಗೆ ಮಾಡಿಸಿದ ಬಂಗಾರವನ್ನು ಅಡವಿಟ್ಟು ಬಂದು, ಹತ್ತು ತೊಲ ಬಂಗಾರ ಇದೆ ಎಂದು ಬೀಗರಿಗೆ ಹೇಳಿದಂತೆ. ಹೇಳಿದ್ದು ಸುಳ್ಳಲ್ಲ, ಬಂಗಾರ ಅವರದೇ. ಮೈಮೇಲೆ ಹಾಕಲು ಮಾತ್ರ ಬರುವುದಿಲ್ಲ. ಎರಡೇ ದಿನದಲ್ಲಿ, ಸೆಪ್ಟೆಂಬರ್ 12ಕ್ಕೆ, ಆ ಪೆಟ್ಟಿಗೆಯಲ್ಲಿ ಸುಲಭವಾಗಿ ಹಣವಾಗಬಲ್ಲದ್ದು 200 ಕೋಟಿ ಡಾಲರಿಗಿಂತ ಕಡಿಮೆ ಎಂಬುದು ವರದಿಯ ಲೆಕ್ಕ.

ಆ ರಾತ್ರಿ ನನ್ನ ಕರಡಿನಲ್ಲಿ 'ಸುಳ್ಳು' ಎಂದು ಬರೆದೆ. ಬೆಳಿಗ್ಗೆ ಎದ್ದು ಆ ಪದಕ್ಕೆ ಗೀಟು ಹಾಕಿದೆ. ವಾಲುಕಾಸ್ ಅವರೇ ಆ ಪದ ಬಳಸಲು ಹಿಂಜರಿದಿದ್ದಾರೆ. ಬ್ಯಾಂಕು ದೊಡ್ಡ ದೊಡ್ಡ ಕಟ್ಟಡಗಳಲ್ಲಿ, ಆರ್ಚ್‌ಸ್ಟೋನ್ ಎಂಬ ವಸತಿ ಸಂಸ್ಥೆಯ 2,200 ಕೋಟಿ ಡಾಲರಿನ ಖರೀದಿಯಂಥ ವ್ಯವಹಾರಗಳಲ್ಲಿ ಸಿಕ್ಕಿಕೊಂಡದ್ದನ್ನು ಅವರು ಬಹುಮಟ್ಟಿಗೆ ವ್ಯಾಪಾರದ ತಪ್ಪು ತೀರ್ಮಾನ ಎಂದೇ ಬಿಟ್ಟರು. ರೆಪೊ 105ರ ವಿಷಯದಲ್ಲಿ ಮಾತ್ರ ಫುಲ್ಡ್ ಮೇಲೂ, ಒಬ್ಬರಾದ ಮೇಲೊಬ್ಬರು ಹಣಕಾಸು ಮುಖ್ಯಸ್ಥರಾಗಿದ್ದ ಓಮೇರಾ, ಕ್ಯಾಲನ್, ಲೋವಿಟ್ ಮೂವರ ಮೇಲೂ, ಆಡಿಟರುಗಳ ಮೇಲೂ ದಾವೆ ಹೂಡಲು ಸಾಕಾಗುವಷ್ಟು ಆಧಾರವಿದೆ ಎಂದರು. ದಾವೆಗೆ ಆಧಾರವಿದೆ ಎಂದರೆ ಅಪರಾಧ ರುಜುವಾಯಿತು ಎಂದಲ್ಲ. ರೆಪೊ 105 ತನಗೆ ಗೊತ್ತೇ ಇರಲಿಲ್ಲ ಎಂದು ಫುಲ್ಡ್ ಹೇಳಿದರು. ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಬರಲಿಲ್ಲ. ಹೂಡಿಕೆದಾರರ ದಾವೆಯಲ್ಲಿ ಅಧಿಕಾರಿಗಳು ಮತ್ತು ನಿರ್ದೇಶಕರ ಪರವಾಗಿ 9 ಕೋಟಿ ಡಾಲರ್ ರಾಜಿಯಾಯಿತು, ಕೊಟ್ಟದ್ದು ವಿಮೆ. ಆಡಿಟರುಗಳು 9.9 ಕೋಟಿ ಡಾಲರಿಗೆ ರಾಜಿಯಾದರು, ತಪ್ಪೊಪ್ಪಿಗೆಯಿಲ್ಲದೆ.

ಹಾಗಾಗಿ 'ಸುಳ್ಳು' ಎಂಬಲ್ಲಿ 'ದಾರಿ ತಪ್ಪಿಸುವ ಮಾತು' ಎಂದು ಬರೆದೆ. ಅಂಕಿಯೊಂದು ಪುಸ್ತಕದಲ್ಲಿ ಸರಿಯಾಗಿದ್ದೂ ಕೇಳುವವನನ್ನು ತಪ್ಪು ಊರಿಗೆ ಕರೆದೊಯ್ಯಬಲ್ಲದು.

ಲೆಹ್ಮನ್ ಎಂಬ ಹೆಸರು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋದಾಗ ಅನಿರೀಕ್ಷಿತವಾಗಿ ನಮ್ಮ ಸೀಮೆಯ ಬದುವಿಗೇ ಬಂದು ನಿಂತೆ. ಜರ್ಮನಿಯ ಬವೇರಿಯಾದಿಂದ ಬಂದ ಹೆನ್ರಿ, ಇಮ್ಯಾನುಯೆಲ್, ಮೇಯರ್ ಎಂಬ ಮೂವರು ಅಣ್ಣತಮ್ಮಂದಿರು 1850ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಈ ಹೆಸರು ಕಟ್ಟಿದರು. ಬಟ್ಟೆ, ಸಾಮಾನಿನ ಅಂಗಡಿ. ಗಿರಾಕಿಗಳು ರೊಕ್ಕದ ಬದಲು ಹತ್ತಿ ಕೊಡುತ್ತಿದ್ದರು, ಹಾಗಾಗಿ ಅಂಗಡಿ ಹತ್ತಿ ವ್ಯಾಪಾರವಾಯಿತು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಆಗ ಮುಂಬಯಿ ಪ್ರಾಂತ್ಯದ ಹತ್ತಿಗೆ, ಅದರಲ್ಲೂ ಧಾರವಾಡ-ಅಮೆರಿಕನ್ ಎಂದು ಹೆಸರಾದ ನಮ್ಮ ಕಡೆಯ ಹತ್ತಿಗೆ, ಬಂಗಾರದ ಬೆಲೆ ಬಂತು. ನಮ್ಮ ಮುದ್ದೇಬಿಹಾಳ ಸೀಮೆಯೂ ಅದೇ ಪ್ರಾಂತ್ಯದಲ್ಲಿತ್ತು.

ಹತ್ತಿಯ ಹಣ ಮುಂಬಯಿಗೆ ಹರಿದು ಷೇರುಗಳ ಹುಚ್ಚು ಹತ್ತಿಸಿತು. ಸಮುದ್ರ ಮುಚ್ಚಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯ ಷೇರು ಹಿಡಿಯಲು ಜನ ಮುಗಿಬಿದ್ದರು. ಪ್ರೇಮಚಂದ ರಾಯಚಂದ ಎಂಬ ದಲ್ಲಾಳಿ ಆ ಕಾಲದ ದೊರೆ. ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ ಅವನ ತಾಯಿಯ ಹೆಸರಿನದು. ಸರ್ಕಾರದ ಪಾಲೂ ಇದ್ದ ಬ್ಯಾಂಕ್ ಆಫ್ ಬಾಂಬೆ ಷೇರುಗಳನ್ನೇ ಒತ್ತೆ ಹಿಡಿದು ಸಾಲ ಕೊಟ್ಟಿತು. 1865ರಲ್ಲಿ ಯುದ್ಧ ಮುಗಿದು ಹತ್ತಿ ಬೆಲೆ ನೆಲ ಕಂಡಿತು, ಷೇರುಗಳು ಕಾಗದವಾದವು. ಬಂಡವಾಳದ ಬಹುಪಾಲು ತಿಂದುಹೋದ ಬ್ಯಾಂಕು 1868ರಲ್ಲಿ ಮುಚ್ಚಿತು, ಹೇಗಾಯಿತು ಎಂದು ತಿಳಿಯಲು ವಿಚಾರಣಾ ಆಯೋಗ ಕೂತಿತು. ಒಂದೇ ಹತ್ತಿಯ ಎಳೆ. ಅದರ ಒಂದು ತುದಿಯಲ್ಲಿ ಲೆಹ್ಮನ್ ಹುಟ್ಟಿತು, ಇನ್ನೊಂದು ತುದಿಯಲ್ಲಿ ನಮ್ಮ ಪ್ರಾಂತ್ಯದ ಬ್ಯಾಂಕು ಸತ್ತಿತು. ಎರಡರ ಸಾವಿನ ನಂತರವೂ ಕಾಗದ ಎಣಿಸಲು ಜನ ಕೂತರು. ಎಣಿಕೆ ಯಾವಾಗಲೂ ಹೆಣದ ಮುಂದೆಯೇ.

ಭರವಸೆಗಳೆಲ್ಲ ಮೋಸ ಎಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಅದೇ 2008ರ ಸೆಪ್ಟೆಂಬರಿನ ನಮ್ಮ ಪತ್ರಿಕೆಗಳನ್ನು ತಿರುವಿದರೆ ಇನ್ನೊಂದು ಭರವಸೆ ಸಿಗುತ್ತದೆ. ಲೆಹ್ಮನ್ ಬಿದ್ದ ಮರುದಿನ ಐಸಿಐಸಿಐ ಬ್ಯಾಂಕು ತನ್ನ ಬ್ರಿಟನ್ ಅಂಗಸಂಸ್ಥೆಯ ಬಳಿ ಲೆಹ್ಮನ್ನಿನ 5.7 ಕೋಟಿ ಯೂರೋ ಬಾಂಡುಗಳಿವೆ ಎಂದು ತಾನೇ ಹೇಳಿತು. ತಿಂಗಳ ಕೊನೆಗೆ ಗಾಳಿಸುದ್ದಿ ಹಬ್ಬಿ ಕೆಲವು ಊರುಗಳಲ್ಲಿ ಎಟಿಎಂಗಳ ಮುಂದೆ ಸಾಲು ನಿಂತಿತು. ಆಗ ಬ್ಯಾಂಕಿನ ಮುಖ್ಯಸ್ಥರಾಗಿದ್ದವರು ನಮ್ಮ ಮಂಗಳೂರಿನವರೇ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಕೆ.ವಿ. ಕಾಮತ್. ಬ್ಯಾಂಕು ಗಟ್ಟಿಯಾಗಿದೆ, ಗಾಬರಿ ಬೇಡ ಎಂಬ ಮಾತೇ ಅಲ್ಲಿಂದಲೂ ಬಂತು. ಕೇಳಲು ಲೆಹ್ಮನ್ನಿನ ಮಾತಿಗೂ ಇದಕ್ಕೂ ಅಂತರವಿರಲಿಲ್ಲ. ಆದರೆ ಈ ಮಾತು ಉಳಿಯಿತು, ಬ್ಯಾಂಕೂ ಉಳಿಯಿತು. ಸೆಪ್ಟೆಂಬರ್ 30ರಂದು ರಿಸರ್ವ್ ಬ್ಯಾಂಕು ಮುಂದೆ ಬಂದು, ಠೇವಣಿದಾರರಿಗೆ ಕೊಡಲು ಈ ಬ್ಯಾಂಕಿನ ಬಳಿ ಸಾಕಷ್ಟು ಹಣವಿದೆ, ನಮ್ಮಲ್ಲಿರುವ ಅದರ ಖಾತೆಯಲ್ಲೂ ಇದೆ, ಶಾಖೆಗಳಿಗೂ ಎಟಿಎಂಗಳಿಗೂ ನಗದು ತಲುಪಿಸುವ ವ್ಯವಸ್ಥೆ ಮಾಡಿದ್ದೇವೆ ಎಂದು ಹೇಳಿಕೆ ಕೊಟ್ಟಿತು.

ಇದನ್ನು ಓದಿದಾಗ ನನ್ನ ಪ್ರಶ್ನೆ ಬದಲಾಯಿತು. ಲೆಹ್ಮನ್ನಿನ ಪೆಟ್ಟಿಗೆಯನ್ನು ಎಣಿಸಿ ಹೇಳಿದವರು ಲೆಹ್ಮನ್ನಿನವರೇ. ಎಣಿಕೆಯ ದಿನ ಗೊತ್ತಿದ್ದವರೂ, ಆ ದಿನಕ್ಕೆ ಪೆಟ್ಟಿಗೆ ಅಣಿಗೊಳಿಸಿದವರೂ ಅವರೇ. ಇಲ್ಲಿ ಎಣಿಸಿದ್ದು ಇನ್ನೊಂದು ಕೈ, ಆ ಕೈಯಲ್ಲಿ ಹಣವೂ ಇತ್ತು.

ಇನ್ನೊಂದು ಕೈ ತಡವಾಗಿ ಬಂದರೆ ಏನಾಗುತ್ತದೆ ಎಂಬುದನ್ನೂ ನಮ್ಮ ರಾಜ್ಯ ಕಂಡಿದೆ. 2020ರ ಜನವರಿ 10ರಂದು ರಿಸರ್ವ್ ಬ್ಯಾಂಕು ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಒಬ್ಬ ಠೇವಣಿದಾರ ತೆಗೆಯಬಹುದಾದದ್ದು 35,000 ರೂಪಾಯಿ ಮಾತ್ರ. ಅಲ್ಲಿ ರೊಕ್ಕ ಇಟ್ಟವರಲ್ಲಿ ನಿವೃತ್ತರೇ ಬಹಳ. ಬಡ್ಡಿಯಿಂದಲೇ ಔಷಧಿ, ಬಡ್ಡಿಯಿಂದಲೇ ಹಾಲು. ಠೇವಣಿ ಸುರಕ್ಷಿತ ಎಂಬ ಭರವಸೆ ಆಗಲೂ ಬ್ಯಾಂಕಿನ ಕಡೆಯಿಂದ ಬಂತು. ಆದರೆ ಜನರ ಕೈಗೆ ಕೊನೆಗೆ ರೊಕ್ಕ ಮುಟ್ಟಿಸಿದ್ದು ಕಾನೂನು. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು ಮುರಿದುಬಿದ್ದ ಪಾಠದಿಂದ 1962ರಲ್ಲಿ ನಮ್ಮಲ್ಲಿ ಠೇವಣಿ ವಿಮೆ ಬಂತು. ಆರಂಭದ ಮಿತಿ 1,500 ರೂಪಾಯಿ. 1993ರಿಂದ ಒಂದು ಲಕ್ಷದಲ್ಲೇ ನಿಂತಿದ್ದ ಅದು 2020ರ ಫೆಬ್ರವರಿ 4ರಿಂದ ಐದು ಲಕ್ಷವಾಯಿತು. 2021ರ ತಿದ್ದುಪಡಿಯ ನಂತರ, ನಿರ್ಬಂಧಕ್ಕೆ ಒಳಗಾದ ಬ್ಯಾಂಕಿನ ಠೇವಣಿದಾರರು ದಿವಾಳಿಯ ಅಂತಿಮ ತೀರ್ಪಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿಲ್ಲ, 90 ದಿನದಲ್ಲಿ ವಿಮೆ ಸಿಗಬೇಕು. ಬಸವನಗುಡಿಯವರಿಗೂ ಐದು ಲಕ್ಷದವರೆಗಿನ ಮೊತ್ತ ಬಂದದ್ದು ಆ ದಾರಿಯಲ್ಲಿ. ಐದು ಲಕ್ಷಕ್ಕಿಂತ ಮೇಲೆ ಇಟ್ಟವರ ಕಥೆ ಬೇರೆ.

ಈ ಬರಹವನ್ನು ತಂಗಡಗಿಯಲ್ಲಿ ಕುಳಿತು ಮುಗಿಸುತ್ತಿರುವಾಗ ಭಂಡಾರಿಯೊಬ್ಬನ ನೆನಪು ಬರದೆ ಇರುವುದಿಲ್ಲ. ಹೊಳೆಯ ಆಚೆ ಕೂಡಲಸಂಗಮ, ಈಚೆ ನಮ್ಮೂರಲ್ಲಿ ಬಸವಣ್ಣನವರ ಮಡದಿ ನೀಲಮ್ಮನ ಐಕ್ಯಸ್ಥಳ. ಅವರನ್ನು ಕಲ್ಯಾಣದಿಂದ ಕರೆತರಲು ಹೋದ ಹಡಪದ ಅಪ್ಪಣ್ಣನ ಪೀಠವೂ ಇಲ್ಲೇ. ಮನೆಮನೆಯಲ್ಲಿ ಹೇಳುವ ಕಥೆ: ಬಿಜ್ಜಳನ ಬೊಕ್ಕಸದ ರೊಕ್ಕವನ್ನು ಭಂಡಾರಿ ಬಸವಣ್ಣ ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಆಗದವರು ದೂರು ಒಯ್ದರು. ದೊರೆ ಲೆಕ್ಕ ಕೇಳಿದ. ಬೊಕ್ಕಸ ತೆರೆದು ಎಣಿಸಿದರೆ ಒಂದು ಹೊನ್ನೂ ಕಡಿಮೆ ಇರಲಿಲ್ಲ. ಭಕ್ತರು ಅದನ್ನು ಪವಾಡ ಎನ್ನುತ್ತಾರೆ. ಈ ಎರಡು ವಾರದ ನಂತರ ನನ್ನ ಕಣ್ಣು ನಿಂತದ್ದು ಕಥೆಯ ಬೇರೊಂದು ಕಡೆ. ಎಣಿಕೆಯ ದಿನವನ್ನು ಗೊತ್ತುಮಾಡಿದವನು ಭಂಡಾರಿಯಲ್ಲ, ದೊರೆ. ಕೈಗಡ ತಂದು ತುಂಬಲು ಏಳು ದಿನದ ಸಮಯ ಯಾರೂ ಕೊಟ್ಟಿರಲಿಲ್ಲ.

ನಾಲ್ಕು ದಿನದ ಮೇಲೆ ಕಾಕಾ ಹೊಸ ಸಾಲ ಎತ್ತಿ, ಕೈಗಡ ಮುಟ್ಟಿಸಿ ಬಂದ. ಚಹಾ ಕುಡಿಯುತ್ತ ಲೆಹ್ಮನ್ನಿನ ಕಥೆಯನ್ನು ಅವನಿಗೆ ತಿಳಿಯುವ ಹಾಗೆ ಹೇಳಿದೆ. ಪೂರ್ತಿ ಕೇಳಿ ಎರಡೇ ಪ್ರಶ್ನೆ ಹಾಕಿದ.

"ಅವರ ಸೆಕ್ರೆಟರಿಗಿ ಗೊತ್ತಿತ್ತೇನು?"

"ಒಳಗಿನ ಭಾಳ ಮಂದಿಗಿ ಗೊತ್ತಿತ್ತು."

"ರೊಕ್ಕ ಇಟ್ಟವರಿಗೆ?"

"ಇಲ್ಲ."

"ಹಂಗಾದ್ರ ನಂದು ಬ್ಯಾರೆ, ಅವರದು ಬ್ಯಾರೆ," ಎಂದು ಎದ್ದ. ನನಗೆ ಅಷ್ಟು ಖಾತ್ರಿಯಿರಲಿಲ್ಲ. ಸೊಸೈಟಿಯ ವಸೂಲಿಯ ಅಂಕಿ ನೋಡಿ ಈ ಊರಿನ ರೈತ ಸಾಲಮುಕ್ತ ಎಂದುಕೊಳ್ಳುವವರು ಎಲ್ಲೋ ಇದ್ದೇ ಇದ್ದಾರೆ. ಆದರೂ ಹೇಳಲಿಲ್ಲ.

ಕಾಕಾ ಜಂತಿಯ ಸಂದಿಯಿಂದ ರಟ್ಟಿನ ಹೊದಿಕೆಯ ಹಳೆಯ ಡೈರಿಯೊಂದನ್ನು ಇಳಿಸಿದ. ನಾಲ್ಕು ದಿನದ ಕೈಗಡದ ಬಡ್ಡಿ ಬರೆದ. ಹಿಂದಿನ ಹಾಳೆ ತಿರುವಿದಾಗ ಇಣುಕಿ ನೋಡಿದೆ. ಮಾರ್ಚ್ 31ರ ಕೆಳಗೆ ಸೊಸೈಟಿಯ ಸಾಲದ ಮೊತ್ತ ಹಾಗೇ ಇತ್ತು. ಪಾಸ್‌ಬುಕ್ಕಿನಲ್ಲಿ ತೀರಿದ್ದನ್ನು ಅವನು ಅಲ್ಲಿ ಹೊಡೆದುಹಾಕಿರಲಿಲ್ಲ. ಅದರ ಕೆಳಗೆ ಕೈಗಡ ಕೊಟ್ಟವರ ಹೆಸರು, ಮೊತ್ತ, ತಾರೀಕು. ಲೆಹ್ಮನ್ನಿನಲ್ಲೂ ರೆಪೊ 105 ಎಷ್ಟು ಬಳಕೆಯಾಯಿತು ಎಂಬ ಲೆಕ್ಕ ಒಳಗೆ ಚೊಕ್ಕವಾಗಿ ಇಡುತ್ತಿದ್ದರು ಎಂದು ವರದಿ ಹೇಳುತ್ತದೆ. ನಾನು ಎರಡು ವಾರ ಹುಡುಕಿದ್ದು ಆ ಡೈರಿಯನ್ನೇ. ಕಾಕಾ ಪೆನ್ನಿನ ಮುಚ್ಚಳ ಹಾಕಿ, ಡೈರಿಯನ್ನು ಮತ್ತೆ ಜಂತಿಗೆ ಸಿಕ್ಕಿಸಿದ.